ತೊಂಬತ್ತೊಂದು ಪರ್ಸೆಂಟ್ ತೆಗೆದ ಹುಡುಗನಿಗೆ ಅಂಗವಿಕಲ ಸರ್ಟಿಫಿಕೇಟ್ ಮಾಡಿಸಬೇಕೇ?

ಪ್ರಶ್ನೆ: ಮೇಡಂ, ನನ್ನ ಮಗನಿಗೆ 16 ವರ್ಷ. ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾನೆ. ಏಳನೇ ಕ್ಲಾಸಿನಲ್ಲಿದ್ದಾಗ ಗಮನ ನಿಲ್ಲದ ತೊಂದರೆ, ಅಂದರೆ ಎಡಿಎಚ್‌ಡಿ ಇದೆ ಎಂದು ಡಾಕ್ಟರು ಹೇಳಿದ್ದರು. ಒಂದು ವರ್ಷ ಮಾತ್ರೆ ಕೊಟ್ಟೆವು, ಊಟ ಸೇರುವುದಿಲ್ಲ ಎಂದು ನಿಲ್ಲಿಸಿದೆವು. ಆದರೂ ಎಸ್ಸೆಸ್ಸೆಲ್ಸಿಯಲ್ಲಿ 91 ಪರ್ಸೆಂಟ್ ತೆಗೆದ. ದಿನಾ ಬೆಳಗ್ಗೆ ಐದರಿಂದ ಏಳರವರೆಗೆ ನಾನೇ ಪಕ್ಕದಲ್ಲಿ ಕೂತು ಓದಿಸುತ್ತಿದ್ದೆ. ಈಗ ಕಾಲೇಜಿನ ಟೆಸ್ಟಿನಲ್ಲಿ ಫಿಸಿಕ್ಸ್‌ಗೆ 40ಕ್ಕೆ 11 ಬಂದಿದೆ. ಗೊತ್ತಿದ್ದ ಉತ್ತರವನ್ನೂ ಬರೆಯದೆ ಬರುತ್ತಾನೆ. ಕನ್ನಡವಾಗಲಿ ಇಂಗ್ಲಿಷಾಗಲಿ, ಬರೆದ ಅಕ್ಷರ ಅವನಿಗೇ ಓದಲು ಬರುವುದಿಲ್ಲ. ನಮ್ಮ ಭಾವನವರು, "ಒಂದು ಅಂಗವಿಕಲ ಸರ್ಟಿಫಿಕೇಟ್ ಮಾಡಿಸಿಬಿಡಿ, ಸಿಇಟಿ, ನೀಟ್‌ನಲ್ಲಿ ಕೋಟಾ ಸಿಗುತ್ತೆ, ಪರೀಕ್ಷೆಯಲ್ಲಿ ಟೈಮೂ ಜಾಸ್ತಿ ಕೊಡ್ತಾರೆ" ಅಂತಾರೆ. ನಮ್ಮ ಯಜಮಾನರಿಗೆ ಸುತರಾಂ ಇಷ್ಟವಿಲ್ಲ, ಜೀವನವಿಡೀ ಹಣೆಪಟ್ಟಿ ಆಗುತ್ತೆ ಅಂತಾರೆ. ಮಗನನ್ನು ಕೇಳಿದರೆ "ನಾನೇನು ಹ್ಯಾಂಡಿಕ್ಯಾಪ್ಡಾ?" ಎಂದು ಬಾಗಿಲು ಹಾಕಿಕೊಂಡ. ಬುದ್ಧಿವಂತ ಹುಡುಗ. ನಿಜವಾಗಿ ಕಷ್ಟ ಇರುವ ಮಕ್ಕಳ ಪಾಲನ್ನು ನಾವು ಕಿತ್ತುಕೊಂಡಂತೆ ಆಗುವುದಿಲ್ಲವೇ? ಮಾಡಿಸದಿದ್ದರೆ ಅವನಿಗೆ ಅನ್ಯಾಯ ಮಾಡಿದಂತೆ ಆಗುವುದಿಲ್ಲವೇ?
— ಒಬ್ಬ ತಾಯಿ, ದಾವಣಗೆರೆ ಜಿಲ್ಲೆ

ಉತ್ತರ: ಅಮ್ಮ, ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ ಸಾಲು 91 ಪರ್ಸೆಂಟಿನದಲ್ಲ. ಬೆಳಗ್ಗೆ ಐದರಿಂದ ಏಳರವರೆಗೆ ಪಕ್ಕದಲ್ಲಿ ಕೂತೆ ಅಂದಿರಲ್ಲ, ಅದು. ಅದನ್ನು ನೀವು ಹಾಗೇ ಮಾತಿಗೆ ಹೇಳಿ ಮುಂದೆ ಹೋಗಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲೇ ಇದೆ.

ಎಡಿಎಚ್‌ಡಿ ಅಂದರೆ ಬುದ್ಧಿ ಕಡಿಮೆ ಎಂದಲ್ಲ. ಗಮನವೇ ಇಲ್ಲ ಎಂದೂ ಅಲ್ಲ. ಇಷ್ಟವಾದ ಆಟದಲ್ಲೋ ವಿಡಿಯೋದಲ್ಲೋ ಇವರು ಮೂರು ಗಂಟೆ ಮುಳುಗಿರುತ್ತಾರೆ. ಗಮನವನ್ನು ಬೇಕಾದ ಕಡೆ, ಬೇಕಾದ ಹೊತ್ತಿಗೆ ತಿರುಗಿಸಿ ಅಲ್ಲಿ ನಿಲ್ಲಿಸುವ ಕೆಲಸ ಮಾತ್ರ ಆಗುವುದಿಲ್ಲ. ಎಲ್ಲಿಂದ ಶುರುಮಾಡಬೇಕು, ಎಷ್ಟು ಹೊತ್ತಾಯಿತು, ಯಾವುದನ್ನು ಬಿಟ್ಟು ಯಾವುದಕ್ಕೆ ಹೋಗಬೇಕು ಎಂದು ನೋಡಿಕೊಳ್ಳುವ ಮೇಲ್ವಿಚಾರಣೆಯನ್ನು ಮೆದುಳಿನ ಮುಂಭಾಗ ಮಾಡುತ್ತದೆ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಈ ಭಾಗ ಬಲಿಯುವುದು ನಿಧಾನ. 2007ರಲ್ಲಿ ಅಮೆರಿಕದ ಸಂಶೋಧಕರು ನೂರಾರು ಮಕ್ಕಳ ಮೆದುಳನ್ನು ವರ್ಷಗಟ್ಟಲೆ ಸ್ಕ್ಯಾನ್ ಮಾಡಿ ನೋಡಿದರು. ಬೇರೆ ಮಕ್ಕಳ ಮೆದುಳಿನ ಹೊರಪದರ ಸುಮಾರು ಏಳೂವರೆ ವರ್ಷಕ್ಕೆ ಮುಟ್ಟುವ ಹಂತವನ್ನು ಈ ಮಕ್ಕಳ ಮೆದುಳು ಹತ್ತೂವರೆ ವರ್ಷಕ್ಕೆ ಮುಟ್ಟಿತ್ತು. ಬೆಳವಣಿಗೆಯ ದಾರಿ ಅದೇ, ತಲುಪುವುದು ತಡವಾಗಿ.

ನಿಮ್ಮ ಮನೆಯಲ್ಲಿ ಆ ಮೇಲ್ವಿಚಾರಣೆ ಮಾಡಿದವರು ನೀವು. ಯಾವ ಪಾಠ ಮೊದಲು, ಯಾವಾಗ ನಿಲ್ಲಿಸಬೇಕು, ಯಾವುದನ್ನು ಇನ್ನೊಮ್ಮೆ ಬರೆಯಬೇಕು, ಎಲ್ಲಾ ನಿಮ್ಮ ತಲೆಯಲ್ಲಿತ್ತು. ಪಿಯುಸಿಗೆ ಬಂದಮೇಲೆ ಪಾಠ ನಿಮ್ಮ ಕೈಮೀರಿತು, ಸಿಲೆಬಸ್ ಮೂರು ಪಟ್ಟು ಆಯಿತು, ಜೊತೆಗೆ ಕೋಚಿಂಗ್. ಹತ್ತನೇ ಕ್ಲಾಸಿನವರೆಗೆ ಚೆನ್ನಾಗಿದ್ದು ಪಿಯುಸಿಯಲ್ಲಿ ದಬಕ್ಕೆಂದು ಬೀಳುವ ಜಾಣ ಮಕ್ಕಳು ಪ್ರತಿ ವರ್ಷ ಆಗಸ್ಟ್, ಸೆಪ್ಟೆಂಬರಿನಲ್ಲಿ ನನ್ನ ಕ್ಲಿನಿಕ್ಕಿಗೆ ಸಾಲಾಗಿ ಬರುತ್ತಾರೆ. "ಸೋಮಾರಿ ಆಗಿದ್ದಾನೆ, ಮೊಬೈಲ್ ಹುಚ್ಚು" ಎಂದು ಅಪ್ಪಂದಿರು ಹೇಳುತ್ತಾರೆ. ಹೆಚ್ಚಿನವರಲ್ಲಿ ನಾನು ಕಾಣುವುದು ಇಷ್ಟು ದಿನ ಒತ್ತಾಸೆಯಾಗಿ ನಿಂತಿದ್ದ ಕೋಲನ್ನು ಒಮ್ಮೆಲೇ ತೆಗೆದ ಬಳ್ಳಿಯನ್ನು.

ಹಾಗಾಗಿ "ಬುದ್ಧಿವಂತ, ಅವನಿಗೇಕೆ ಸೌಲಭ್ಯ" ಎಂಬ ಮಾತು ನಿಲ್ಲುವುದಿಲ್ಲ. ತೊಂಬತ್ತೊಂದು ಬಂದಿದೆ ಎಂಬುದು ತೊಂದರೆ ಇಲ್ಲ ಎನ್ನುವುದಕ್ಕೆ ಸಾಕ್ಷಿಯಲ್ಲ. ಆದರೆ ತೊಂದರೆ ಇದೆ ಅಂದ ಮಾತ್ರಕ್ಕೆ ನಿಮ್ಮ ಭಾವನವರು ಹೇಳಿದ್ದೂ ಸರಿಯಾಗುವುದಿಲ್ಲ. ಮೂರು ಬೇರೆ ಬೇರೆ ಸಂಗತಿಗಳನ್ನು ಅವರು ಒಂದೇ ಚೀಲಕ್ಕೆ ತುಂಬಿದ್ದಾರೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಈಗ ಜಾರಿಯಲ್ಲಿರುವುದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ಅದರ ಅನುಸೂಚಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಆಟಿಸಂ ಇದೆ, ಓದು, ಬರಹ ಅಥವಾ ಲೆಕ್ಕದಲ್ಲಿ ತೊಡಕಾಗುವ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಮಾನಸಿಕ ಕಾಯಿಲೆ ಇದೆ. ಎಡಿಎಚ್‌ಡಿ ಎಂಬ ಹೆಸರಿಲ್ಲ. ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ ವೈಕಲ್ಯದ ಬಗೆ ಯಾವುದು ಎಂದು ಆರಿಸಬೇಕಲ್ಲ, ಅಲ್ಲಿ ನಿಮ್ಮ ಕೈಲಿರುವ ವರದಿಗೆ ಒಂದು ಸಾಲೇ ಇರುವುದಿಲ್ಲ. ಬರೀ ಎಡಿಎಚ್‌ಡಿ ಎಂದು ಬರೆದ ಚೀಟಿ ಹಿಡಿದು ಜಿಲ್ಲಾಸ್ಪತ್ರೆಗೆ ಹೋದ ಎಷ್ಟೋ ತಂದೆತಾಯಿ ಬರಿಗೈಲಿ ಬಂದು ನನ್ನ ಮುಂದೆ ಕಣ್ಣೀರು ಹಾಕಿದ್ದಾರೆ. ಹೋಗುವ ಮುಂಚೆ ಯಾರಾದರೂ ಈ ಒಂದು ಮಾತು ಹೇಳಿದ್ದರೆ ಅವರ ಎರಡು ದಿನದ ಕೂಲಿ ಉಳಿಯುತ್ತಿತ್ತು.

ಇನ್ನು ಆ ಮೂರು ಸಂಗತಿ. ಒಂದು, ಮೀಸಲಾತಿ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5, ಸರ್ಕಾರಿ ಕೆಲಸದಲ್ಲಿ ಶೇ. 4. ಇದಕ್ಕೆ ಅನುಸೂಚಿಯಲ್ಲಿರುವ ವೈಕಲ್ಯವೇ ಆಗಬೇಕು, ಅದೂ ಶೇ. 40ಕ್ಕೆ ಕಡಿಮೆ ಇಲ್ಲದಂತೆ ಪ್ರಮಾಣೀಕರಿಸಿರಬೇಕು. ಎರಡು, ಮಾಸಾಶನದಂಥ ಹಣದ ನೆರವು. ಇದಕ್ಕೂ ಆ 40ರ ಗೆರೆ ಇದೆ, ಮೇಲೆ ಕುಟುಂಬದ ಆದಾಯದ ಮಿತಿಯೂ ಇದೆ. ನಿಮ್ಮ ಪ್ರಶ್ನೆ ಅದಲ್ಲ, ಬಿಡಿ. ಮೂರನೆಯದು ಪರೀಕ್ಷೆಯಲ್ಲಿ ಮತ್ತು ಕ್ಲಾಸಿನಲ್ಲಿ ಮಾಡಿಕೊಡುವ ಅನುಕೂಲ: ಹೆಚ್ಚುವರಿ ಸಮಯ, ಹೇಳಿದ್ದನ್ನು ಬರೆದುಕೊಡುವ ಲಿಪಿಕಾರ, ಪ್ರತ್ಯೇಕ ಕೊಠಡಿ, ಭಾಷೆಯ ವಿನಾಯಿತಿ. ಮೊದಲ ಎರಡು ಮತ್ತು ಈ ಮೂರನೆಯದು ಒಂದೇ ಜಾತಿಯವಲ್ಲ. ಮೀಸಲಾತಿಯಲ್ಲಿ ಸೀಟು ಎಣಿಕೆಯದು. ಒಬ್ಬರಿಗೆ ಸಿಕ್ಕರೆ ಇನ್ನೊಬ್ಬರಿಗಿಲ್ಲ. ನಿಮ್ಮ ಮಗನಿಗೆ ಪರೀಕ್ಷೆಯಲ್ಲಿ ಇಪ್ಪತ್ತು ನಿಮಿಷ ಹೆಚ್ಚು ಕೊಟ್ಟರೆ ಪಕ್ಕದ ಬೆಂಚಿನ ಮಗುವಿನ ಇಪ್ಪತ್ತು ನಿಮಿಷ ಕಡಿಮೆಯಾಗುವುದಿಲ್ಲ. "ಬೇರೆಯವರ ಪಾಲು ಕಿತ್ತುಕೊಂಡಂತೆ ಅಲ್ಲವೇ" ಎಂದು ಕೇಳಿದ್ದೀರಿ. ಆ ಸಂಕೋಚ ಮೀಸಲಾತಿಯ ವಿಷಯಕ್ಕೆ ತಕ್ಕದ್ದು, ಅದನ್ನು ಬಿಡಬೇಡಿ. ಅನುಕೂಲ ಕೇಳುವುದಕ್ಕೆ ಅದು ಅಡ್ಡ ಬರಬೇಕಿಲ್ಲ.

ಅನುಕೂಲಕ್ಕೆ ಶೇ. 40 ಇರಲೇಬೇಕು ಎಂದು ಬಹಳ ಜನ, ಕೆಲವು ಕಾಲೇಜಿನವರು ಸಹ, ಇವತ್ತಿಗೂ ನಂಬಿದ್ದಾರೆ. ಅದು ಹಳೆಯ ಮಾತು. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಯುಪಿಎಸ್‌ಸಿ ವಿರುದ್ಧ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿತು. ಲಿಪಿಕಾರರ ಸೌಲಭ್ಯವನ್ನು ಶೇ. 40 ದಾಟಿದವರಿಗೆ ಮಾತ್ರ ಕಟ್ಟಿಹಾಕುವಂತಿಲ್ಲ ಎಂದಿತು. ಅದರ ಹಿಂದೆಯೇ 2022ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಶೇ. 40ಕ್ಕಿಂತ ಕಡಿಮೆ ಇದ್ದು ಬರವಣಿಗೆಯ ತೊಂದರೆ ಇರುವವರಿಗಾಗಿ ಮಾರ್ಗಸೂಚಿ ತಂದಿತು: ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ, ಬೇಕಿದ್ದರೆ ಲಿಪಿಕಾರ. 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಮೊಕದ್ದಮೆಯಲ್ಲಿ ಇದನ್ನೇ ಗಟ್ಟಿ ಮಾಡಿ, 40ರ ಗೆರೆ ನೋಡದೆ ಎಲ್ಲ ವಿಕಲಚೇತನ ಅಭ್ಯರ್ಥಿಗಳಿಗೂ ಪರೀಕ್ಷೆಯ ಅನುಕೂಲ ಸಿಗಬೇಕು ಎಂದಿದೆ.

ಇಲ್ಲೊಂದು ತೊಡಕಿದೆ, ಮುಚ್ಚಿಡುವುದಿಲ್ಲ. ವಿಕಲಚೇತನ ವ್ಯಕ್ತಿ ಎಂದರೆ ಯಾರು ಎಂದು ಕಾಯ್ದೆ ಕೊಡುವ ಸಾಮಾನ್ಯ ಅರ್ಥ ಅನುಸೂಚಿಗಿಂತ ವಿಶಾಲವಾಗಿದೆ: ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯ ಸಂಬಂಧಿ ಕೊರತೆ ಇದ್ದು, ಅದು ಹೊರಗಿನ ಅಡೆತಡೆಗಳ ಜೊತೆ ಸೇರಿ ಉಳಿದವರ ಸಮನಾಗಿ ಪಾಲ್ಗೊಳ್ಳಲು ಬಿಡದಿದ್ದರೆ ಆ ವ್ಯಕ್ತಿ ಅದರೊಳಗೆ ಬರುತ್ತಾನೆ. ತೀವ್ರವಾದ ಎಡಿಎಚ್‌ಡಿ ಈ ಅರ್ಥಕ್ಕೆ ಹೊಂದುತ್ತದೆ ಎಂದು ನಾನು ನಂಬಿದ್ದೇನೆ, ಹಾಗೆಂದೇ ವರದಿಗಳಲ್ಲಿ ಬರೆಯುತ್ತೇನೆ. ಆದರೆ ಮೇಜಿನ ಆಚೆ ಕೂತ ಅಧಿಕಾರಿ ನೋಡುವುದು 21ರ ಪಟ್ಟಿಯನ್ನು. 2022ರ ಮಾರ್ಗಸೂಚಿಯೂ "ಬರವಣಿಗೆಯ ತೊಂದರೆ" ಎಂಬ ಮಾತಿನ ಮೇಲೆ ನಿಂತಿತ್ತು. ಕೂತಲ್ಲೇ ಮನಸ್ಸು ಹಾರಿಹೋಗುವುದು ಅದರೊಳಗೆ ನೇರವಾಗಿ ಬರುತ್ತಿರಲಿಲ್ಲ. ಬರೀ ಎಡಿಎಚ್‌ಡಿ ಹೆಸರಿನಲ್ಲಿ ಬೋರ್ಡ್ ಪರೀಕ್ಷೆಯಲ್ಲೋ ಸಿಇಟಿಯಲ್ಲೋ ಹೆಚ್ಚುವರಿ ಸಮಯ ಕೇಳಿದರೆ ಸಿಕ್ಕೇ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನನಗೆ ನಿಮ್ಮ ಪತ್ರದಲ್ಲಿ ಕಾಣಿಸಿದ ಬಾಗಿಲು ಬೇರೆ. ಎರಡೂ ಭಾಷೆಯಲ್ಲಿ ಅವನ ಅಕ್ಷರ ಅವನಿಗೇ ಓದಲು ಬರುವುದಿಲ್ಲ ಅಂದಿದ್ದೀರಿ. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಓದು, ಬರಹ ಅಥವಾ ಲೆಕ್ಕದ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಜೊತೆಗೆ ಇರುವುದು ಅಪರೂಪವೇನಲ್ಲ. ಜಾಣ ಮಕ್ಕಳಲ್ಲಿ ಅದು ಪಿಯುಸಿಯವರೆಗೂ ಅಡಗಿರುತ್ತದೆ, ಯಾಕೆಂದರೆ ನೆನಪಿನ ಶಕ್ತಿಯಿಂದ ಅದನ್ನು ಮುಚ್ಚಿಕೊಂಡು ಬಂದಿರುತ್ತಾರೆ.

ಎರಡು ವರ್ಷದ ಹಿಂದೆ ಹುಡುಗಿಯೊಬ್ಬಳ ಕೆಮಿಸ್ಟ್ರಿ ಉತ್ತರ ಪತ್ರಿಕೆಯನ್ನು ಅವಳಪ್ಪ ತಂದು ತೋರಿಸಿದರು. ಮೊದಲ ನಾಲ್ಕು ಪುಟ ದುಂಡಗೆ ಇತ್ತು. ಐದನೇ ಪುಟದಿಂದ ಅಕ್ಷರ ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿತ್ತು. ಎಂಟನೇ ಪುಟದಲ್ಲಿ ಪ್ರಶ್ನೆಯ ನಂಬರ್ ಬರೆದು ಮುಂದೆ ಖಾಲಿ. ಮೂರು ಕಡೆ ಒಂದೇ ಪದವನ್ನು ಮೂರು ಬಗೆಯಲ್ಲಿ ಬರೆದಿದ್ದಳು. "ಇದರ ಉತ್ತರ ಹೇಳಮ್ಮ" ಅಂದೆ. ಖಾಲಿ ಬಿಟ್ಟ ಪ್ರಶ್ನೆಗೆ ಎರಡು ನಿಮಿಷ ತಡೆಯಿಲ್ಲದೆ ಉತ್ತರ ಹೇಳಿದಳು. ಅವಳಪ್ಪ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಎರಡು ವರ್ಷದಿಂದ ಅವಳಿಗೆ ಸೋಮಾರಿ ಎಂದು ಬೈದಿದ್ದರು. ಪರೀಕ್ಷಿಸಿದಾಗ ಬರಹದ ಕಲಿಕಾ ನ್ಯೂನತೆ ಸ್ಪಷ್ಟವಾಗಿತ್ತು. ಎಡಿಎಚ್‌ಡಿ ಎಂಬ ಒಂದೇ ಹೆಸರಿನಡಿ ಇದು ಹೂತುಹೋಗಿತ್ತು.

ಆದ್ದರಿಂದ ನೀವು ಮೊದಲು ಮಾಡಬೇಕಾದ ಕೆಲಸ ಸರ್ಟಿಫಿಕೇಟಿನದಲ್ಲ, ಪೂರ್ತಿ ಪರೀಕ್ಷೆಯದು. ಏಳನೇ ಕ್ಲಾಸಿನ ಆ ವರದಿ ಈಗ ಹಳತಾಗಿದೆ. ಮನೋವೈದ್ಯರು ಎಡಿಎಚ್‌ಡಿಯನ್ನು ಈಗಿನ ವಯಸ್ಸಿಗೆ ತಕ್ಕಂತೆ ಮತ್ತೆ ನೋಡಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಐಕ್ಯೂ ಜೊತೆಗೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಬೇಕು. ಇದಕ್ಕೆ ದೇಶದಲ್ಲೆಲ್ಲ ಬಳಸುವ ಪರೀಕ್ಷಾ ಮಾಲೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ರೂಪುಗೊಂಡದ್ದು. ನಿಮ್ಹಾನ್ಸ್‌ನ ಮಕ್ಕಳ ವಿಭಾಗ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಕಲಿಕೆ ಮತ್ತು ಭಾಷೆಯ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಹತ್ತಿರದ ಮೆಡಿಕಲ್ ಕಾಲೇಜಿನ ಮನೋವೈದ್ಯಕೀಯ ವಿಭಾಗ, ಇವುಗಳಲ್ಲಿ ವಿಚಾರಿಸಿ. ದಾವಣಗೆರೆ ಕಡೆಯಿಂದ ಧಾರವಾಡ ದೂರವೇನಲ್ಲ. ಒಂದೇ ದಿನದಲ್ಲಿ ಮುಗಿಯುತ್ತದೆ ಎಂದುಕೊಳ್ಳಬೇಡಿ, ಎರಡು ಮೂರು ಸಲ ಹೋಗಬೇಕಾಗಬಹುದು. ಹೋಗುವಾಗ ಹಳೆಯ ನೋಟ್‌ಬುಕ್ಕುಗಳನ್ನು, ಮೂರನೇ ನಾಲ್ಕನೇ ಕ್ಲಾಸಿನವಿದ್ದರೆ ಅವನ್ನೂ, ತಪ್ಪದೆ ಒಯ್ಯಿರಿ. ಅಂಕಪಟ್ಟಿಗಿಂತ ನೋಟ್‌ಬುಕ್ ನಮಗೆ ಹೆಚ್ಚು ಹೇಳುತ್ತದೆ.

ಕಲಿಕಾ ನ್ಯೂನತೆ ಇದೆ ಎಂದಾದರೆ ಅದು ಅನುಸೂಚಿಯಲ್ಲಿದೆ, ದಾರಿ ತೆರೆಯುತ್ತದೆ. ಹೆಚ್ಚುವರಿ ಸಮಯ, ಲಿಪಿಕಾರ, ಎರಡನೇ ಮೂರನೇ ಭಾಷೆಯ ವಿನಾಯಿತಿ, ಇವೆಲ್ಲ ಕಾಯ್ದೆಯ 17ನೇ ಕಲಮಿನಲ್ಲೇ ಇವೆ. ಯುಡಿಐಡಿಗೂ ಅರ್ಜಿ ಹಾಕಬಹುದು. ಶೇ. 40 ಮುಟ್ಟದಿದ್ದರೆ ಬಿಳಿ ಕಾರ್ಡು, ಮುಟ್ಟಿದರೆ ಹಳದಿ, 80 ಅಥವಾ ಹೆಚ್ಚಿದ್ದರೆ ನೀಲಿ. ಬಿಳಿ ಕಾರ್ಡಿಗೆ ಕೋಟಾ ಇಲ್ಲ. ಹಳದಿ ಬಂದರೆ ಮೀಸಲಾತಿ ಕೇಳುವ ಹಕ್ಕು ಅವನದು, ಅದರಲ್ಲಿ ನಾಚುವಂಥದ್ದೇನೂ ಇಲ್ಲ. ಮೆಡಿಕಲ್ ಸೀಟಿನ ವಿಷಯ ಮಾತ್ರ ಬೇರೆ. ನಿಮ್ಮ ಜಿಲ್ಲೆಯ ಸರ್ಟಿಫಿಕೇಟ್ ಅಲ್ಲಿಗೆ ಸಾಲುವುದಿಲ್ಲ; ನೀಟ್ ಕೌನ್ಸೆಲಿಂಗ್‌ಗೆಂದು ಗೊತ್ತುಮಾಡಿದ ಕೇಂದ್ರದಲ್ಲಿ ಮತ್ತೆ ತಪಾಸಣೆ ಆಗುತ್ತದೆ. ಬರೀ ಪರ್ಸೆಂಟೇಜ್ ನೋಡಿ ಯಾರನ್ನೂ ಅನರ್ಹ ಮಾಡಬಾರದು, ಓದು ನಿಭಾಯಿಸಬಲ್ಲರೇ ಎಂಬುದನ್ನು ನೋಡಬೇಕು ಎಂದು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿರುವುದು ಇಂಥ ಮಕ್ಕಳಿಗೆ ದೊಡ್ಡ ಆಸರೆ.

ಕಲಿಕಾ ನ್ಯೂನತೆ ಇಲ್ಲ ಎಂದಾದರೆ? ಆಗ ಇಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕಾಗಿದೆ. "ಡಾಕ್ಟ್ರೇ, ಹೇಗೂ ಎಡಿಎಚ್‌ಡಿ ಇದೆಯಲ್ಲ, ಕಲಿಕಾ ನ್ಯೂನತೆ ಅಂತಲೇ ಬರೆದುಕೊಡಿ" ಎಂದು ಕೇಳುವವರು ಇದ್ದಾರೆ. ದುಡ್ಡು ಕೊಟ್ಟರೆ ಮಾಡಿಸಿಕೊಡುತ್ತೇವೆ ಎನ್ನುವ ಮಧ್ಯವರ್ತಿಗಳೂ ಇದ್ದಾರೆ. ಬೇಡ. ವಿಕಲಚೇತನರಿಗೆಂದು ಇಟ್ಟ ಸೌಲಭ್ಯವನ್ನು ಮೋಸದಿಂದ ಪಡೆದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಎಂದು ಅದೇ ಕಾಯ್ದೆ ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಸೀಟಿನಲ್ಲಿ ಕೂತ ನಿಮ್ಮ ಮಗನಿಗೆ ತಾನು ಅಲ್ಲಿಗೆ ಹೇಗೆ ಬಂದೆ ಎಂಬುದು ಪ್ರತಿದಿನ ಗೊತ್ತಿರುತ್ತದೆ. ಹದಿನಾರರ ಹುಡುಗನಿಗೆ ಅದನ್ನು ಹೊರಿಸಬೇಡಿ.

ಈಗ ಹೆಚ್ಚುವರಿ ಸಮಯದ ಬಗ್ಗೆ ಒಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ನಿಧಾನವಾಗಿ ಓದುವ, ನಿಧಾನವಾಗಿ ಬರೆಯುವ ಮಗುವಿಗೆ ಅದು ವರ. ಬರೀ ಎಡಿಎಚ್‌ಡಿ ಇರುವ ಮಗುವಿಗೆ ಕೆಲವೊಮ್ಮೆ ಅದು ಇನ್ನೊಂದು ಗಂಟೆಯ ಕೂಡಿಹಾಕುವಿಕೆ. ಮೂರು ಗಂಟೆಯಲ್ಲಿ ಚದುರಿದ ಮನಸ್ಸು ನಾಲ್ಕನೇ ಗಂಟೆಯಲ್ಲಿ ತಾನಾಗಿ ಕೂಡಿಕೊಳ್ಳುವುದಿಲ್ಲ. ಸದ್ದಿಲ್ಲದ ಕೊಠಡಿ, ಮುಂದಿನ ಬೆಂಚು, ಗಂಟೆಗೊಮ್ಮೆ ಎದ್ದು ನೀರು ಕುಡಿದು ಬರಲು ಅನುಮತಿ, ಇವು ಎಷ್ಟೋ ಮಕ್ಕಳಿಗೆ ಹೆಚ್ಚು ಕೆಲಸಕ್ಕೆ ಬರುತ್ತವೆ. ಇದನ್ನು ಮನೆಯಲ್ಲೇ ನೋಡಬಹುದು. ಒಂದೇ ಮಟ್ಟದ ಮೂರು ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ. ಒಂದನ್ನು ಮಾಮೂಲಿ ಮೂರು ಗಂಟೆಯಲ್ಲಿ ಬರೆಯಲಿ. ಇನ್ನೊಂದನ್ನು ಬೇರೆ ದಿನ ನಾಲ್ಕು ಗಂಟೆ ಕೊಟ್ಟು. ಮತ್ತೊಂದನ್ನು ಮೂರೇ ಗಂಟೆ, ಆದರೆ ನಡುವೆ ಎರಡು ಸಲ ಐದೈದು ನಿಮಿಷ ಬಿಡುವು ಕೊಟ್ಟು. ಅಂಕ ಹಾಕಬೇಡಿ. ಗೊತ್ತಿದ್ದೂ ಬಿಟ್ಟುಹೋದ ಪ್ರಶ್ನೆ ಎಷ್ಟು ಎಂದು ಮಾತ್ರ ಎಣಿಸಿ. ಯಾವುದರಲ್ಲಿ ಅದು ಕಡಿಮೆಯೋ, ಕಾಲೇಜಿನಲ್ಲಿ ಅದನ್ನೇ ಕೇಳಿ. ಕಾಲೇಜಿನ ಒಳಗಿನ ಟೆಸ್ಟುಗಳಿಗೆ ಪ್ರಾಂಶುಪಾಲರು ಒಪ್ಪಿದರೆ ಯಾವ ಕಾರ್ಡೂ ಬೇಕಿಲ್ಲ. ವೈದ್ಯರ ಒಂದು ಪತ್ರ ಸಾಕು. ಎಷ್ಟೋ ಪ್ರಾಂಶುಪಾಲರು ಎದುರಿಗೆ ಕೂತು ಕೇಳಿದರೆ ಒಪ್ಪುತ್ತಾರೆ ಎಂಬುದು ನನ್ನ ಅನುಭವ.

ಮಾತ್ರೆಯನ್ನೂ ಮತ್ತೆ ಯೋಚಿಸಿ. ಊಟ ಸೇರದಿರುವುದು ಎಡಿಎಚ್‌ಡಿಗೆ ಕೊಡುವ ಮಾತ್ರೆಯಾದ ಮೀಥೈಲ್‌ಫೆನಿಡೇಟ್‌ನ ಗೊತ್ತಿರುವ ಅಡ್ಡಪರಿಣಾಮ. ಪ್ರಮಾಣ ತಗ್ಗಿಸಿ, ಬೆಳಗ್ಗೆ ತಿಂಡಿ ಹೊಟ್ಟೆತುಂಬ ತಿಂದಮೇಲೆ ಕೊಟ್ಟು, ರಾತ್ರಿ ಊಟ ತುಸು ತಡ ಮಾಡಿ ಬಹಳಷ್ಟು ಮಕ್ಕಳಲ್ಲಿ ನಿಭಾಯಿಸಬಹುದು. ಆಗಲಿಲ್ಲವೆಂದರೆ ಅಟೊಮಾಕ್ಸೆಟಿನ್‌ನಂಥ ಬೇರೆ ಔಷಧಿ ಇದೆ. ನಾಲ್ಕು ವರ್ಷದ ಹಿಂದಿನ ಪುಟ್ಟ ಹುಡುಗನ ದೇಹವಲ್ಲ ಈಗ ಅವನದು. ಚಿಕಿತ್ಸೆ ಬಿಟ್ಟು ಸರ್ಟಿಫಿಕೇಟ್ ಒಂದನ್ನೇ ಹಿಡಿದರೆ, ಸಿಕ್ಕ ಸಮಯವನ್ನು ಬಳಸುವ ಶಕ್ತಿಯೇ ಇರುವುದಿಲ್ಲ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಬೆಳಗ್ಗೆ ಒಂದು ಪತ್ರಿಕೆ, ಮಧ್ಯಾಹ್ನ ಇನ್ನೊಂದು. ಬೆಳಗಿನ ಮಾತ್ರೆಯ ಪ್ರಭಾವ ಮಧ್ಯಾಹ್ನಕ್ಕೆ ಇಳಿದಿದ್ದರೆ ಎರಡನೇ ಪತ್ರಿಕೆ ಕೈಕೊಡುತ್ತದೆ. ಇದನ್ನೆಲ್ಲ ವೈದ್ಯರ ಜೊತೆ ತಿಂಗಳುಗಳ ಮುಂಚೆ ಕೂತು ಸರಿಹೊಂದಿಸಿಕೊಳ್ಳಬೇಕು.

ನಿಮ್ಮ ಯಜಮಾನರ ಹಣೆಪಟ್ಟಿಯ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಊರಿನಲ್ಲಿ ಮಾತು ಹೇಗೆ ಹಬ್ಬುತ್ತದೆ ಎಂದು ನನಗೂ ಗೊತ್ತು. ಆದರೆ ಕಾರ್ಡು ಇದೆ ಎಂದ ಮಾತ್ರಕ್ಕೆ ಎಲ್ಲ ಕಡೆ ತೋರಿಸಬೇಕಾಗಿಲ್ಲ. ಬೇಕಾದಾಗ ತೋರಿಸಿ, ಬೇಡವಾದಾಗ ಪೆಟ್ಟಿಗೆಯಲ್ಲಿಡಿ. ಸೇನೆ, ವಿಮಾನ ಚಾಲನೆಯಂಥ ಕೆಲಸಗಳಿಗೆ ಕಟ್ಟುನಿಟ್ಟಿನ ವೈದ್ಯಕೀಯ ತಪಾಸಣೆ ಇದೆ. ಅಲ್ಲಿ ಕೇಳುವುದು ಕಾರ್ಡನ್ನಲ್ಲ, ರೋಗನಿರ್ಣಯ ಮತ್ತು ಔಷಧಿಯ ಇತಿಹಾಸವನ್ನು. ಅವನಿಗೆ ಆ ಆಸೆ ಇದ್ದರೆ ಈಗಲೇ ವೈದ್ಯರಿಗೆ ತಿಳಿಸಿ. ಮುಂದೆ ವಿದೇಶದಲ್ಲಿ ಓದುವ ಯೋಚನೆ ಇದ್ದರೆ ಹೊಸ ವರದಿ ಬೇರೆ ರೀತಿಯಲ್ಲಿ ಉಪಯೋಗ. ಅಮೆರಿಕ, ಇಂಗ್ಲೆಂಡಿನ ವಿಶ್ವವಿದ್ಯಾಲಯಗಳು, ಅಲ್ಲಿನ ಪ್ರವೇಶಕ್ಕೆ ಬರೆಯುವ ಜಿಆರ್‌ಇಯಂಥ ಪರೀಕ್ಷೆಗಳು ಎಡಿಎಚ್‌ಡಿ ಒಂದಕ್ಕೇ ಅನುಕೂಲ ಮಾಡಿಕೊಡುತ್ತವೆ, ವರದಿ ಇತ್ತೀಚಿನದಾಗಿದ್ದರೆ. ಅಲ್ಲಿ ಓದುತ್ತಿರುವ ನಮ್ಮ ಕಡೆಯ ಮಕ್ಕಳು ಹಳೆಯ ಫೈಲ್ ಕೇಳಿ ನನಗೆ ಫೋನ್ ಮಾಡುವುದುಂಟು.

ಕೊನೆಗೆ ಬಾಗಿಲು ಹಾಕಿಕೊಂಡ ಹುಡುಗ. ನಿಮ್ಮ ಪತ್ರದಲ್ಲಿ ನೀವು, ಯಜಮಾನರು, ಭಾವನವರು ಮೂವರೂ ಮಾತಾಡಿದ್ದೀರಿ, ಅವನು ಒಂದೇ ಒಂದು ಪ್ರಶ್ನೆ ಕೇಳಿದ್ದಾನೆ. ಆ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಂತಿಲ್ಲ. ಸರ್ಟಿಫಿಕೇಟಿನ ಮಾತನ್ನು ಸದ್ಯಕ್ಕೆ ಎತ್ತಬೇಡಿ. "ಗೊತ್ತಿದ್ದ ಉತ್ತರ ಯಾಕೆ ಬರೆಯಲಾಗಲಿಲ್ಲ, ಆ ಹೊತ್ತಿನಲ್ಲಿ ಏನಾಗುತ್ತೆ ನಿನಗೆ?" ಎಂದು ಕೇಳಿ. ಎದುರಾ ಎದುರು ಕೂತಲ್ಲ. ಗಾಡಿಯಲ್ಲಿ ಹೋಗುವಾಗಲೋ, ಅವಲಕ್ಕಿ ಹಾಕಿಕೊಡುವಾಗಲೋ ಕೇಳಿ. ಹದಿಹರೆಯದವರು ಕಣ್ಣು ತಪ್ಪಿಸಿದಾಗಲೇ ನಿಜ ಹೇಳುತ್ತಾರೆ. ಅವನು ಹೇಳಿದ್ದನ್ನು ಅವನದೇ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದು ವೈದ್ಯರ ಬಳಿಗೆ ತನ್ನಿ, ಅವನು ಒಪ್ಪಿದರೆ. ವೈದ್ಯರ ಜೊತೆ ಅರ್ಧ ಗಂಟೆ ಅವನೊಬ್ಬನೇ ಕೂರಲಿ, ನೀವು ಹೊರಗಿರಿ. ಕಲಿಕಾ ನ್ಯೂನತೆ ಹೊರಬಂದರೆ ಕಾರ್ಡು ಮಾಡಿಸುವುದೋ ಬಿಡುವುದೋ ಎಂಬ ಮಾತಿನಲ್ಲಿ ಅವನ ಒಪ್ಪಿಗೆ ಇರಲೇಬೇಕು, ಏಕೆಂದರೆ ಪರೀಕ್ಷಾ ಕೊಠಡಿಯಲ್ಲಿ ಲಿಪಿಕಾರನ ಪಕ್ಕ ಕೂರುವವನು ಅವನು.

ಇದೆಲ್ಲಕ್ಕೂ ನಿಮಗೆ ಸಮಯವಿದೆ. ದ್ವಿತೀಯ ಪಿಯುಸಿ ಪರೀಕ್ಷೆಗೆ ಒಂದು ವರ್ಷಕ್ಕೂ ಹೆಚ್ಚು ಇದೆ, ಈಗ ಬೋರ್ಡು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳನ್ನೂ ನಡೆಸುತ್ತದೆ. ಪರೀಕ್ಷೆಗೆ ಹೆಸರು ನೋಂದಾಯಿಸುವ ಹೊತ್ತಿಗೆ, ಅಂದರೆ ಬರುವ ವರ್ಷದ ದಸರಾ ರಜೆಗೆ ಮುಂಚೆ, ವರದಿ ಕೈಯಲ್ಲಿರುವಂತೆ ನೋಡಿಕೊಳ್ಳಿ. ಸಿಇಟಿ, ನೀಟ್‌ಗಳ ಆ ವರ್ಷದ ಅಧಿಸೂಚನೆಯಲ್ಲಿ ಯಾವ ನಮೂನೆಯ ಪ್ರಮಾಣಪತ್ರ ಕೇಳಿದ್ದಾರೆ ಎಂದು ನೀವೇ ಓದಿ, ಭಾವನವರ ಮಾತಿನ ಮೇಲೆ ಬಿಡಬೇಡಿ. ಧಾರವಾಡಕ್ಕೋ ಬೆಂಗಳೂರಿಗೋ ಹೊರಡುವ ದಿನ ಆ 40ಕ್ಕೆ 11 ಬಂದ ಫಿಸಿಕ್ಸ್ ಪತ್ರಿಕೆಯನ್ನೂ ಚೀಲಕ್ಕೆ ಹಾಕಿಕೊಳ್ಳಿ.